ದಿನ ತುಂಬಿದ ಮೇಲೆ

ಹಿಂದೆಲ್ಲ ಬಸುರಿಯನ್ನು ಕಂಡರೆ ‘ಎಷ್ಟು ತಿಂಗಳು?’ ಎಂದು ಕೇಳುತ್ತಿದ್ದರು. ಈಗ ‘ಡೇಟು ಯಾವತ್ತು ಕೊಟ್ಟಿದ್ದಾರೆ?’ ಎನ್ನುತ್ತಾರೆ. ಇದು ಸಣ್ಣ ಬದಲಾವಣೆಯೇನಲ್ಲ. ತಿಂಗಳು ಎಂದರೆ ಸ್ವಲ್ಪ ಹಿಂದುಮುಂದಾದರೂ ನಡೆಯುತ್ತದೆ. ಡೇಟು ಹಾಗಲ್ಲ, ಅದು ರೈಲಿನ ರಿಸರ್ವೇಷನ್ ಇದ್ದಂತೆ. ಆ ದಿನ ದಾಟಿತೋ, ‘ಲೇಟು’ ಎಂಬ ಮಾತು ಶುರು. ಮಗು ಇನ್ನೂ ಕಣ್ಣೇ ಬಿಟ್ಟಿಲ್ಲ, ಆಗಲೇ ಅದರ ಮೇಲೊಂದು ದೂರು!

ಈ ಡೇಟು ಬಂದದ್ದಾದರೂ ಎಲ್ಲಿಂದ? ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಜರ್ಮನಿಯ ವೈದ್ಯ ನೇಗಲೆಯ ಹೆಸರಿನಲ್ಲಿ 19ನೆಯ ಶತಮಾನದಿಂದ ನಡೆದುಬಂದ ಲೆಕ್ಕ ಇದು. ಮೂರು ತಿಂಗಳು ಹಿಂದಕ್ಕೆ ಎಣಿಸಿ, ಏಳು ದಿನ ಕೂಡಿಸಿದರೆ ಮುಗಿಯಿತು. ಆದರೆ ಇದು 28 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವಳ ಲೆಕ್ಕ. 35 ದಿನಕ್ಕೊಮ್ಮೆ ಆಗುವವಳಿಗೆ ಡೇಟು ಒಂದು ವಾರ ಮುಂದಕ್ಕೆ ಹೋಗಬೇಕು. ‘ಗೌರಿಹಬ್ಬದ ಆಸುಪಾಸಿನಲ್ಲಿ ಹೊರಗಾಗಿದ್ದೆ’ ಎನ್ನುವವಳಿಗೆ ಇನ್ನೂ ಕಷ್ಟ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಇದ್ದರೆ ಲೆಕ್ಕ ಹೆಚ್ಚು ಗಟ್ಟಿ. ಇಷ್ಟೆಲ್ಲ ಇದ್ದೂ, ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. ತಾಯಿ ಕಾರ್ಡಿನಲ್ಲಿ ಬರೆದ ಆ ದಿನಾಂಕ ಒಂದು ಅಂದಾಜು ಅಷ್ಟೆ.

ಆದರೆ ಆ ಅಂದಾಜಿನ ಮೇಲೆಯೇ ಒಂದು ದೊಡ್ಡ ಪ್ರಶ್ನೆ ನಿಂತಿದೆ. ದಿನ ತುಂಬಿತು, ನೋವು ಬರಲಿಲ್ಲ. ಕಾಯಬೇಕೋ, ನೋವು ಬರಿಸಬೇಕೋ? ಇದು ವೈದ್ಯರ ಪ್ರಶ್ನೆ ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಅದು ಧರ್ಮದ ಪ್ರಶ್ನೆಯೂ ಹೌದು ಎಂದು ನನಗನ್ನಿಸಿದ್ದು, ನನ್ನ ತಂಗಿಯ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಗ.

ಅವಳಿಗೆ ಡೇಟು ದಾಟಿ ನಾಲ್ಕು ದಿನವಾಗಿತ್ತು. ಮನೆಯಲ್ಲಿ ಎರಡು ಪಕ್ಷ. ನನ್ನಮ್ಮನದು ಒಂದೇ ಮಾತು: ‘ಹಣ್ಣು ಮಾಗಿದಾಗ ತಾನೇ ಬೀಳತ್ತೆ, ಕೋಲು ಹಾಕಿ ಯಾಕೆ ಬಡೀತೀರಿ?’ ಬೀಗಿತ್ತಿಯವರು ಊರಿಂದ ಫೋನು ಮಾಡಿ, ‘ಅನೂರಾಧಾ ಕಳೆಯೋದ್ರೊಳಗೆ ಆಗಿಬಿಟ್ರೆ ಒಳ್ಳೇದಿತ್ತು. ಆಮೇಲೆ ಜ್ಯೇಷ್ಠಾ, ಅದಾದ ಮೇಲೆ ಮೂಲಾ...’ ಎಂದು ಮಾತು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅಳಿಯನಿಗೆ ರಜೆಯ ಚಿಂತೆ. ನನ್ನ ತಂಗಿ ಪಂಚಾಂಗಕ್ಕೂ ಫೋನಿಗೂ ನಡುವೆ ಓಡಾಡುತ್ತಿದ್ದಳು.

ಅಮ್ಮನ ಹಣ್ಣಿನ ಮಾತು ಕೇಳಲು ಚೆನ್ನ. ಆದರೆ ನಮ್ಮ ಅಜ್ಜಿಯರು ಸುಮ್ಮನೆ ಕಾಯುತ್ತಿದ್ದರೇನು? ನೋವು ನಿಜವೋ ಸುಳ್ಳೋ ಎಂದು ಜೀರಿಗೆ ಕಷಾಯ ಕುಡಿಸಿ ನೋಡುತ್ತಿದ್ದರು. ತಡವಾಯಿತೆಂದರೆ ಹರಳೆಣ್ಣೆ ಕುಡಿಸುತ್ತಿದ್ದರು. ಬೇಗ ಆಗಲಿ ಎಂಬ ಆತುರ ಇಂಜೆಕ್ಷನ್ನಿನ ಜೊತೆಗೆ ಬಂದದ್ದಲ್ಲ. ಬಂದದ್ದು ಹೆಚ್ಚು ಬಲವಾದ ಉಪಾಯ. ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್ನನ್ನು 1953ರಲ್ಲಿ ಪ್ರಯೋಗಶಾಲೆಯಲ್ಲೇ ತಯಾರಿಸಿದ ದು ವಿನ್ಯೋ ಅವರಿಗೆ 1955ರ ನೊಬೆಲ್ ಬಹುಮಾನ ಬಂತು. ಈಗ ಅದು ಡ್ರಿಪ್ಪಿನಲ್ಲಿ ಹನಿಹನಿಯಾಗಿ ಇಳಿಯುತ್ತದೆ. ಗರ್ಭದ ಬಾಯಿ ಮೆತ್ತಗಾಗಲು ಜೆಲ್ ಇದೆ, ಮಾತ್ರೆ ಇದೆ, ನೀರು ತುಂಬಿದ ಸಣ್ಣ ಬಲೂನೂ ಇದೆ. ಬಲವಾದ ಉಪಾಯ ಕೈಯಲ್ಲಿದ್ದಾಗ ಅದನ್ನು ಯಾವ ಕಾರಣಕ್ಕೆ ಬಳಸುತ್ತೇವೆ ಎಂಬುದೂ ಅಷ್ಟೇ ಮುಖ್ಯವಾಗುತ್ತದೆ.

ಕೆಲವು ಕಾರಣಗಳಿಗೆ ವಾದವೇ ಬೇಕಿಲ್ಲ. ತಾಯಿಗೆ ರಕ್ತದೊತ್ತಡ ಏರಿದೆ, ನೀರು ಒಡೆದೂ ನೋವು ಬಂದಿಲ್ಲ, ಹೊಟ್ಟೆಯಲ್ಲಿ ಮಗು ಬೆಳೆಯುತ್ತಿಲ್ಲ. ಇಂಥಲ್ಲಿ ಕಾಯುವುದೇ ತಪ್ಪಾಗಬಹುದು. ಇನ್ನು ಕೆಲವು ಕಾರಣಗಳು ತಾಯಿಯದೂ ಅಲ್ಲ, ಮಗುವಿನದೂ ಅಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ, ಅಮಾವಾಸ್ಯೆ ಬರುವ ಮೊದಲೇ ಆಗಲಿ ಎಂದು 38ನೆಯ ವಾರದ ಆರಂಭದಲ್ಲೇ ಹೆರಿಗೆ ಮಾಡಿಸಿಕೊಂಡರು. ಮಗುವಿಗೆ ಉಸಿರಾಟದ ತೊಂದರೆಯಾಗಿ ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ ಹಾಲು ಹಿಂಡಿ ಕಳಿಸುತ್ತ ಬೇರೆ ವಾರ್ಡಿನಲ್ಲಿ ಮಲಗಿದ್ದಳು. ಜಾತಕ ಮಾತ್ರ ಚೆನ್ನಾಗಿ ಬಂತಂತೆ! 39 ವಾರ ತುಂಬುವ ಮೊದಲು, ಬಲವಾದ ಕಾರಣವಿಲ್ಲದೆ ಹೆರಿಗೆ ಮಾಡಿಸಬಾರದೆಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಇಷ್ಟರವರೆಗೆ ನನ್ನ ಯೋಚನೆ ಸಲೀಸಾಗಿತ್ತು. ಗೊಂದಲ ಎಬ್ಬಿಸಿದವಳು ಹುಡುಗಿಯೇ. ಅಂದು ಸಂಜೆ ಜಗಲಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ ಕೇಳಿದಳು: ‘ದೊಡ್ಡಮ್ಮ, ಬಿಪಿ ಸರಿಯಾಗಿದೆ, ಮಗು ಚೆನ್ನಾಗಿದೆ ಅಂತಾರೆ ಡಾಕ್ಟ್ರು. ಆದ್ರೆ ನಂಗೆ ಸಾಕಾಗಿದೆ. ರಾತ್ರಿ ಮಗ್ಗುಲು ಬದಲಿಸ್ಬೇಕಂದ್ರೆ ಎದ್ದು ಕೂತು ತಿರುಗ್ಬೇಕು. ಸಾಕು ಅನ್ನೋದು ಒಂದು ಕಾರಣ ಅಲ್ವಾ?’

ಹೆಂಗಸಿನ ‘ಸಾಕು’ ಎಂಬ ಮಾತಿಗೆ ನಮ್ಮಲ್ಲಿ ಕಿವಿ ಕಡಿಮೆ. ನಕ್ಷತ್ರಕ್ಕೆ ಬೆಲೆ ಉಂಟು, ಅಳಿಯನ ರಜೆಗೆ ಬೆಲೆ ಉಂಟು. ಹೊತ್ತವಳ ಆಯಾಸಕ್ಕೆ ಮಾತ್ರ ‘ನಾವೆಲ್ಲ ಹೆರಲಿಲ್ವೇ?’ ಎಂಬ ಉತ್ತರ. ಅವಳ ಪ್ರಶ್ನೆಗೆ ನಾನು ತಕ್ಷಣ ಏನೂ ಹೇಳಲಿಲ್ಲ. ಮರುದಿನ ಡಾಕ್ಟರ ಬಳಿ ನಾವಿಬ್ಬರೇ ಹೋದೆವು.

ಆ ವೈದ್ಯೆ ಸಮಾಧಾನದವರು. ‘ನೀನು ಕೇಳೋದು ತಪ್ಪಲ್ಲಮ್ಮ’ ಎಂದೇ ಮಾತು ಆರಂಭಿಸಿದರು. ನೋವು ಬರಿಸಿದರೆ ಆಪರೇಷನ್ನೇ ಗತಿ ಎಂದು ನಾವೆಲ್ಲ ನಂಬಿದ್ದೆವಲ್ಲ, ಅದು ಅಷ್ಟು ಸರಳವಲ್ಲ ಎಂದರು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ತೊಂದರೆಯೂ ಇಲ್ಲದ 6,106 ಚೊಚ್ಚಲು ಬಸುರಿಯರನ್ನು ಎರಡು ಗುಂಪು ಮಾಡಿದರು. 39ನೆಯ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಆದದ್ದು ಶೇಕಡಾ 18.6, ಕಾದವರಲ್ಲಿ ಶೇಕಡಾ 22.2. ‘ಆದರೆ ಅಲ್ಲಿ ತಾಳ್ಮೆಯಿಂದ ಕಾಯೋಕೆ, ಮಗುವಿನ ಎದೆಬಡಿತ ಬಿಡದೆ ನೋಡೋಕೆ ಅನುಕೂಲ ಇತ್ತು. ನಿನ್ನ ಗರ್ಭದ ಬಾಯಿ ಇನ್ನೂ ಗಟ್ಟಿಯಾಗಿದೆ. ಇವತ್ತು ಶುರು ಮಾಡಿದ್ರೆ ಎರಡು ದಿನವೂ ಹಿಡಿಯಬಹುದು’ ಎಂದರು.

‘ಕಾದ್ರೆ?’ ಎಂದಳು ಹುಡುಗಿ.

‘41 ವಾರದವರೆಗೆ ಕಾಯಬಹುದು. ಮಗು ಆಡೋದನ್ನ ದಿನಾ ಗಮನಿಸ್ಬೇಕು. ಕಡಿಮೆ ಅನ್ನಿಸಿದ್ರೆ ಬೆಳಗಾಗಲಿ ಅಂತ ಕೂರಬಾರದು, ಆಗಲೇ ಬರ್ಬೇಕು. 41 ಆದ ಮೇಲೆ ಕಾಯೋದು ಬೇಡ.’

41ರ ಆಚೆ ಯಾಕೆ ಬೇಡ ಎಂಬುದಕ್ಕೆ ಸ್ವೀಡನ್ನಿನ ಒಂದು ಅಧ್ಯಯನವಿದೆ. 2,760 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ 41 ವಾರಕ್ಕೆ ನೋವು ಬರಿಸುವುದು, ಉಳಿದವರು 42ರವರೆಗೆ ಕಾಯುವುದು ಎಂದು ಗೊತ್ತುಮಾಡಿದ್ದರು. ಕಾದವರಲ್ಲಿ ಆರು ಮಕ್ಕಳು ತೀರಿಕೊಂಡವು, ಇನ್ನೊಂದು ಗುಂಪಿನಲ್ಲಿ ಒಂದೂ ಇಲ್ಲ. 2018ರಲ್ಲಿ ಆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಕಾದವರಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿಯ ಮಡಿಲು ತುಂಬಿತು ಎಂಬುದೂ ನಿಜ. ಆದರೆ ಆ ಆರು ಮನೆಗಳಿಗೆ ಈ ಲೆಕ್ಕದಿಂದ ಏನು ಸಮಾಧಾನ?

ಇದನ್ನೆಲ್ಲ ಕೇಳಿದ ಮೇಲೆ ನನಗೆ ಸ್ಪಷ್ಟವಾದ ಮೊದಲ ವಿಷಯ ಇದು: ಕಾಯುವುದೆಂದರೆ ಏನೂ ಮಾಡದಿರುವುದಲ್ಲ. ‘ದೇವರಿಗೆ ಬಿಟ್ಟಿದ್ದೇವೆ’ ಎನ್ನುವವರೂ ಒಂದು ನಿರ್ಧಾರ ಮಾಡಿರುತ್ತಾರೆ. ನೋವು ಬರಿಸುವುದಕ್ಕೆ ಹೇಗೆ ಕಾರಣ ಬೇಕೋ, ಕಾಯುವುದಕ್ಕೂ ಹಾಗೇ ಎಚ್ಚರ ಬೇಕು. ಕಣ್ಣು ಮುಚ್ಚಿ ಕಾಯುವುದನ್ನು ತಾಳ್ಮೆ ಎಂದು ಕರೆಯಲಾಗದು.

ಎರಡನೆಯದು, ‘ಸಾಕು’ ಎಂಬುದರ ಬೆಲೆ. ಬರೀ ಅಷ್ಟರಿಂದಲೇ ಎಲ್ಲ ತೀರ್ಮಾನವಾಗುವುದಿಲ್ಲ. 37ನೆಯ ವಾರದಲ್ಲಿ ಸಾಕು ಎಂದರೆ ಮಗುವಿನ ಹಿತ ಅಡ್ಡ ನಿಲ್ಲುತ್ತದೆ. ಆದರೆ 39 ದಾಟಿ, ಎರಡು ದಾರಿಯೂ ಹೆಚ್ಚುಕಡಿಮೆ ಸಮನಾಗಿ ಕಂಡಾಗ, ತಕ್ಕಡಿಯಲ್ಲಿ ಮೊದಲು ಇಡಬೇಕಾದ್ದು ಅವಳ ಮಾತು. ಏಕೆಂದರೆ ಎರಡು ದಿನ ನೋವು ತಿನ್ನುವವಳೂ ಅವಳೇ, ಇನ್ನೊಂದು ವಾರ ನಿದ್ದೆಗೆಡುವವಳೂ ಅವಳೇ.

ಹುಡುಗಿ ಆಮೇಲೆ ತಾನಾಗಿಯೇ, ‘41ರವರೆಗೆ ಕಾಯ್ತೀನಿ’ ಎಂದಳು. ಕೇಳಿದರೆ ಸಿಗುತ್ತದೆ ಎಂದು ತಿಳಿದದ್ದೇ ಅವಳ ಅರ್ಧ ಆಯಾಸ ಕಳೆಯಿತೋ ಏನೋ. 41 ತುಂಬಿದ ದಿನ ಆಸ್ಪತ್ರೆಗೆ ಸೇರಿಸಿದೆವು. ಜೆಲ್ ಇಟ್ಟು, ಡ್ರಿಪ್ ಹಾಕಿ, ಇಡೀ ಒಂದು ಹಗಲು ರಾತ್ರಿ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ನಕ್ಷತ್ರ ಯಾವುದೆಂದು ಕೇಳುವ ಧೈರ್ಯ ಬೀಗಿತ್ತಿಯವರಿಗೂ ಆಗಲಿಲ್ಲ. ಮಗು ಅಷ್ಟು ಜೋರಾಗಿ ಅಳುತ್ತಿತ್ತು!

ಎಲ್ಲ ಸುಖವಾಗಿ ಆಯಿತು. ಆದ್ದರಿಂದ ಅವಳ ನಿರ್ಧಾರ ಸರಿ ಎಂದು ಹೇಳಿದರು ನನ್ನ ತಂಗಿ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಫಲ ನೋಡಿ ನಿರ್ಧಾರವನ್ನು ಅಳೆಯುವುದು ನಮ್ಮ ಹಳೆಯ ಚಾಳಿ. ಒಳ್ಳೆಯದಾದರೆ ದೇವರು ದೊಡ್ಡವನು, ಕೆಟ್ಟದಾದರೆ ‘ಅವಳೇ ಹಟ ಮಾಡಿದ್ದು’. ನಮ್ಮ ಊರುಗಳಲ್ಲಿ ಮಗುವನ್ನು ಕಳೆದುಕೊಂಡ ಎಷ್ಟು ತಾಯಂದಿರು ಈ ಮಾತು ಕೇಳಿ ಬದುಕು ಸವೆಸಿಲ್ಲ? ಅಂದು ತಿಳಿಯಬಹುದಾದದ್ದನ್ನೆಲ್ಲ ತಿಳಿದು, ಕೇಳಬೇಕಾದದ್ದನ್ನು ಕೇಳಿ ಮಾಡಿದ ನಿರ್ಧಾರ ಅಂದೇ ಸರಿ. ಮುಂದೆ ಬಂದದ್ದು ಅಳುವಾಗಲಿ ನಗುವಾಗಲಿ, ಅದನ್ನು ಅವಳ ತಲೆಗೆ ಕಟ್ಟಬಾರದು.

ನಿಮ್ಮ ಮನೆಯಲ್ಲೂ ದಿನ ತುಂಬಿದ ಹುಡುಗಿ ಇರಬಹುದು. ಅವಳ ಡೇಟು ಯಾವ ಲೆಕ್ಕದ್ದು, ಈಗ ನೋವು ಬರಿಸುವುದಕ್ಕೆ ಕಾರಣವೇನು, ಕಾದರೆ ಏನೇನು ನೋಡಿಕೊಳ್ಳಬೇಕು ಎಂದು ವೈದ್ಯರನ್ನು ಕೇಳಿ. ಕೇಳುವಾಗ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀವು ಒಳಗೆ ಹೋಗಬೇಡಿ. ಅವಳೇ ಒಳಗಿರಲಿ, ನೀವು ಪಕ್ಕದಲ್ಲಿರಿ.