ಮನೆಯ ಸಂತೋಷವೂ ರಾತ್ರಿಯ ಊಟವೂ

ಮನೆಯ ಸಂತೋಷವು ಎಲ್ಲಿಂದ ಬರುವದೆಂದು ಯಾರನ್ನು ಕೇಳಿದರೂ ಪ್ರೀತಿಯಿಂದ ಬರುವದೆಂದು ಉತ್ತರ ಕೊಡುವರು. ಈ ಉತ್ತರವು ಸುಳ್ಳಲ್ಲ. ಆದರೆ ಪೂರ್ತಿಯಾದದ್ದೂ ಅಲ್ಲ. ಒಬ್ಬನು ತನ್ನ ಹೆಂಡತಿ ಮಕ್ಕಳನ್ನು ಮನಸ್ಸಿನಲ್ಲಿ ಎಷ್ಟು ಪ್ರೀತಿಸಿದರೂ ಆ ಪ್ರೀತಿಯು ಕೈಗೂ ಬಾಯಿಗೂ ಇಳಿಯದಿದ್ದರೆ, ಅದು ಮಡಕೆಯಲ್ಲಿ ಕಟ್ಟಿಟ್ಟ ಬಿತ್ತನೆಯ ಕಾಳಿನಂತೆ ಇರುವದು. ಕಾಳು ಕೆಟ್ಟದ್ದಲ್ಲ, ಬಿತ್ತದೆ ಇರುವದರಿಂದ ಫಲವಿಲ್ಲ. ಪ್ರೀತಿಯನ್ನು ದಿನದಿನವೂ ಬಿತ್ತುವ ಕೂರಿಗೆಯು ಯಾವದಂದರೆ, ಅಭ್ಯಾಸವೇ.

ಹೊರಗೆ ಹೋಗುವಾಗ ಹೇಳಿ ಹೋಗುವದು, ತಪ್ಪು ಮಾಡಿದಾಗ ಮಕ್ಕಳ ಮುಂದೆಯಾದರೂ ಒಪ್ಪಿಕೊಳ್ಳುವದು, ಮಾಡಿದ ಕೆಲಸಕ್ಕೆ ಒಂದು ಒಳ್ಳೇ ಮಾತು ಹೇಳುವದು, ಇಂಥ ಚಿಕ್ಕ ಅಭ್ಯಾಸಗಳಿಗೆ ಹಣ ಬೇಕಾಗಿಲ್ಲ. ಇವುಗಳಲ್ಲಿ ಒಂದನ್ನು ಮಾತ್ರ ಈಗ ವಿಚಾರಿಸೋಣ. ಅದು ರಾತ್ರಿಯ ಊಟವನ್ನು ಎಲ್ಲರೂ ಕೂಡಿ ಮಾಡುವದು.

ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಮೊದಲು ಗಂಡಸರಿಗೆ ಬಡಿಸುವರು, ಅನಂತರ ಮಕ್ಕಳಿಗೆ. ಕಡೆಯಲ್ಲಿ ತಾಯಿಯು ಒಲೆಯ ಬಳಿಯಲ್ಲಿ ಒಬ್ಬಳೇ ಕುಳಿತು, ತಣ್ಣಗಾದ ಮುದ್ದೆಯನ್ನು ಪಾತ್ರೆಯ ತಳದಲ್ಲಿ ಉಳಿದ ಸಾರಿನೊಂದಿಗೆ ಉಣ್ಣುವಳು. ಊಟಕ್ಕೆ ಮುಂಚೆ ಸ್ತೋತ್ರ ಹೇಳುವ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಅನ್ನ ಕೊಟ್ಟವನಿಗೆ ಸ್ತೋತ್ರ ಹೇಳಿ, ಅನ್ನ ಬೇಯಿಸಿದವಳಿಗೆ ಉಳಿದದ್ದನ್ನು ಬಿಡುತ್ತೇವೆ.

ನಾನೂ ಇದಕ್ಕೆ ಹೊರತಾದವನಾಗಿರಲಿಲ್ಲ. ಒಂದು ಸಾಯಂಕಾಲ ನೆರೆಯ ಹಳ್ಳಿಯಲ್ಲಿ ಕುಟುಂಬದ ಪ್ರೀತಿಯನ್ನು ಕುರಿತು ಬಹಳ ಹೊತ್ತು ಮಾತಾಡಿ ಮನೆಗೆ ಬಂದು ಊಟಮಾಡಿದೆನು. ಆಮೇಲೆ ನೀರಿಗಾಗಿ ಅಡಿಗೆಯ ಮನೆಗೆ ಹೋದಾಗ, ನನ್ನ ಹೆಂಡತಿಯು ಉಳಿದ ಸಾರಿಗೆ ನೀರು ಬೆರಸಿಕೊಳ್ಳುತ್ತಿದ್ದದನ್ನು ಕಂಡೆನು. ಕಾಳೆಲ್ಲಾ ನಮ್ಮ ತಟ್ಟೆಗಳಿಗೆ ಬಂದಿತ್ತು. ಇದು ಯಾಕೆಂದು ಕೇಳಲು ಅವಳು, "ಯಾವಾಗಲೂ ಹೀಗೆಯೇ ಅಲ್ಲವೇ?" ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಆದದರಿಂದಲೇ ಅದು ನನ್ನನ್ನು ಹೆಚ್ಚಾಗಿ ನಾಟಿತು. ಮದುವೆಯಾಗಿ ಹದಿನಾಲ್ಕು ವರುಷಗಳಾಗಿದ್ದರೂ ಅವಳ ತಟ್ಟೆಯನ್ನು ನಾನು ನೋಡಿರಲಿಲ್ಲ.

ಇದಕ್ಕೆ ಕೆಲವರು, "ಅವಳೇ ಆಮೇಲೆ ಉಣ್ಣುತ್ತೇನೆ ಅನ್ನುವಳು; ಅದು ತಾಯಿಯ ತ್ಯಾಗವು; ಅದನ್ನು ಯಾಕೆ ಕೆಡಿಸಬೇಕು?" ಎಂದು ಹೇಳುವರು. ತ್ಯಾಗವು ಉತ್ತಮವಾದದ್ದೇ. ಆದರೆ ಬೇಡವೆಂದು ಹೇಳುವದಕ್ಕೆ ಶಕ್ತಿಯಿರುವವನು ಕೊಟ್ಟದ್ದು ತ್ಯಾಗ. ಬೇರೆ ದಾರಿಯಿಲ್ಲದವಳು ಬಿಟ್ಟದ್ದು ತ್ಯಾಗವಲ್ಲ. ಅಲ್ಲದೆ ಮನೆಯಲ್ಲಿ ಒಬ್ಬಳೇ ಯಾವಾಗಲೂ ಬಿಟ್ಟುಕೊಡುತ್ತಾ ಉಳಿದವರು ಯಾವಾಗಲೂ ತೆಗೆದುಕೊಳ್ಳುತ್ತಾ ಇದ್ದರೆ, ಮಕ್ಕಳು ಏನು ಕಲಿಯುವರು? ಕಡೆಗೆ ಉಳಿದದ್ದೇ ತನ್ನ ಪಾಲೆಂದು ಮಗಳು ಕಲಿಯುವಳು. ಕೇಳದೆ ತೆಗೆದುಕೊಳ್ಳಬಹುದೆಂದು ಮಗನು ಕಲಿಯುವನು.

ದೇಹದ ವಿಷಯವನ್ನೂ ಆಲೋಚಿಸಿರಿ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರುಷ ಪ್ರಾಯದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಅದೇ ಪ್ರಾಯದ ಗಂಡಸರಲ್ಲಿ ಸುಮಾರು 20 ಮಂದಿಗೆ ಮಾತ್ರ. ಇದಕ್ಕೆ ತಿಂಗಳ ರಕ್ತಸ್ರಾವ, ಹೆರಿಗೆ ಮುಂತಾದ ಬೇರೆ ಕಾರಣಗಳೂ ಉಂಟು. ಆದರೆ ಹೆಚ್ಚು ರಕ್ತವನ್ನು ಕಳಕೊಳ್ಳುವವಳಿಗೆ ಹೆಚ್ಚು ಕಾಳೂ ಸೊಪ್ಪೂ ಬೇಕಾಗಿರುವಾಗ, ನಾವು ಅವಳಿಗೆ ತಿಳಿಸಾರನ್ನು ಉಳಿಸುವದು ನ್ಯಾಯವೋ? ಆಯಾಸದಿಂದ ಬಳಲಿದ ತಾಯಿಯು ಗದರಿಸಿದರೆ ಅವಳ ಗುಣವನ್ನು ದೂರುತ್ತೇವೆ. ಅವಳ ತಟ್ಟೆಯನ್ನು ನೋಡುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಪಾತ್ರೆಗಳನ್ನು ನಡುವೆ ಇಟ್ಟು ಯಾರಾದರೂ ತುತ್ತೆತ್ತುವದಕ್ಕೆ ಮುಂಚೆ ಎಲ್ಲರ ಪಾಲನ್ನು ಬಡಿಸಿರಿ. ಹೊಲದಿಂದ ತಡವಾಗಿ ಬರುವವರ ಪಾಲನ್ನೂ ಮೊದಲೇ ತೆಗೆದಿಡಿರಿ. ಎರಡನೆಯದು, ತಾಯಿಯು ಕೂತುಕೊಳ್ಳುವ ತನಕ ಕಾದುಕೊಳ್ಳಿರಿ. ಬರೇ ಕಾದರೆ ಸಾಲದು. ನೀರು ತರುವದು, ಚಾಪೆ ಹಾಸುವದು, ತಟ್ಟೆ ತೊಳೆಯುವದು ಗಂಡಸಿಗೂ ಹುಡುಗನಿಗೂ ಅವಮಾನವಲ್ಲ. ಮೂರನೆಯದು, ಆ ಅರ್ಧ ತಾಸು ಮೊಬೈಲನ್ನೂ ಟೀವಿಯನ್ನೂ ದೂರ ಇಟ್ಟು, ಈ ದಿನ ಏನು ನಡೆಯಿತೆಂದು ಒಬ್ಬೊಬ್ಬರನ್ನು ಕೇಳಿರಿ. ಸಾಲದ ಮಾತನ್ನೂ ಮಕ್ಕಳ ತಪ್ಪಿನ ಲೆಕ್ಕವನ್ನೂ ಆ ಹೊತ್ತಿಗೆ ತರಬೇಡಿರಿ.

ಇದು ಒಂದೇ ದಿನದಲ್ಲಿ ಬರುವದಿಲ್ಲ. ನಮ್ಮ ಮನೆಯಲ್ಲಿ ಮೊದಲನೆಯ ವಾರ ಎಲ್ಲರಿಗೂ ಸಂಕೋಚವಾಯಿತು. ನನ್ನ ಹೆಂಡತಿಯು ಕೂತಲ್ಲಿಂದ ಮೂರು ಸಾರಿ ಎದ್ದಳು. ಕೆಲವು ರಾತ್ರಿ ನಾನೇ ಮರೆತು ಮೊದಲು ಉಂಡೆನು. ಆದರೆ ಒಂದು ದಿನ ನಮ್ಮ ಚಿಕ್ಕ ಮಗನು ತಾಯಿಯ ತಟ್ಟೆಯನ್ನು ನೋಡಿ, "ಅಮ್ಮಾ, ನಿನಗೆ ಕಾಳೇ ಬರಲಿಲ್ಲವಲ್ಲಾ" ಎಂದು ತನ್ನದರಿಂದ ಎತ್ತಿ ಹಾಕಿದನು. ಆರು ವರುಷದ ಹುಡುಗನು ಎಂಟು ದಿವಸಗಳಲ್ಲಿ ಕಂಡದ್ದನ್ನು ನಾನು ಹದಿನಾಲ್ಕು ವರುಷ ಕಾಣದೆ ಇದ್ದೆನು.

ಪ್ರಿಯರೇ, ನಿಮ್ಮ ಮನೆಯಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳುವದಿಲ್ಲ. ಈ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ತಟ್ಟೆಯನ್ನು ಮಾತ್ರವಲ್ಲ, ಕಡೆಯಲ್ಲಿ ಉಣ್ಣುವವಳ ತಟ್ಟೆಯನ್ನೂ ಒಂದು ಸಾರಿ ನೋಡಿರಿ.