ಕೈ ಮತ್ತು ಕಾಯಕ

ಮಾನವದೇಹದಲ್ಲಿ ಕೈಗಿರುವ ಸ್ಥಾನ ಹಿರಿದು. ಇಷ್ಟಲಿಂಗಕ್ಕೆ ಪೀಠವಾಗುವುದು ಅಂಗೈ. ಕಾಯಕವನ್ನು ಮಾಡುವುದೂ ದಾಸೋಹದಲ್ಲಿ ನೀಡುವುದೂ ಅದೇ ಕೈ. ಅಂತಹ ಕೈ ನಿಶ್ಚೇಷ್ಟಿತವಾದಾಗ ಅದನ್ನು ಸರಿಪಡಿಸುವುದೆಂದರೆ ನಿಜವಾಗಿ ಏನೆಂಬುದನ್ನು ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರ ಜೀವನದಿಂದ ಅರಿಯಬಹುದು.

ಬ್ರ್ಯಾಂಡ್ ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಕ್ರೈಸ್ತ ಧರ್ಮಪ್ರಚಾರಕ ದಂಪತಿಗಳ ಮಗನಾಗಿ ಜನಿಸಿದರು. ಇಂಗ್ಲೆಂಡಿನಲ್ಲಿ ಶಾಲೆ ಮುಗಿಸಿದ ಮೇಲೆ ಅವರು ಮೊದಲು ಕೈಗೊಂಡುದು ವೈದ್ಯಶಿಕ್ಷಣವನ್ನಲ್ಲ. ಮರಗೆಲಸ, ಗಾರೆಕೆಲಸ ಮೊದಲಾದ ಕಟ್ಟಡದ ಕಸುಬುಗಳನ್ನು. ಅನಂತರವೇ ಲಂಡನ್ನಿನಲ್ಲಿ ವೈದ್ಯವನ್ನೂ ಶಸ್ತ್ರಚಿಕಿತ್ಸೆಯನ್ನೂ ಅಭ್ಯಸಿಸಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು.

ಬಳಿಕ ಅವರು ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಸ್ಪತ್ರೆಯನ್ನು ಸಂದರ್ಶಿಸಿದಾಗ, ಬೆರಳುಗಳು ಮಡಚಿಹೋದ ರೋಗಿಯೊಬ್ಬನು ಅವರ ಕೈಯನ್ನು ನೋವಾಗುವಷ್ಟು ಬಲವಾಗಿ ಹಿಡಿದನು. ಸತ್ತುಹೋಯಿತೆಂದು ಎಲ್ಲರೂ ತಿಳಿದಿದ್ದ ಕೈಯಲ್ಲಿ ಇನ್ನೂ ಶಕ್ತಿ ಉಳಿದಿದ್ದಿತು!

ಮಣಿಕಟ್ಟು ಸೇರಿ ಒಂದು ಕೈಯಲ್ಲಿ 27 ಎಲುಬುಗಳಿವೆ. ಬೆರಳುಗಳನ್ನು ಆಡಿಸುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿದ್ದು, ಹಗ್ಗದಂತಹ ಸ್ನಾಯುರಜ್ಜುಗಳಿಂದ ಅವನ್ನು ಎಳೆಯುತ್ತವೆ. ಕುಷ್ಠವು ಮೊಣಕೈ ಹಾಗೂ ಮಣಿಕಟ್ಟಿನ ಬಳಿ ನರಗಳನ್ನು ಕೆಡಿಸಿದಾಗ ಅಂಗೈಯ ಚಿಕ್ಕ ಸ್ನಾಯುಗಳು ಸೋಲುತ್ತವೆ. ಮುಂಗೈಯ ಅನೇಕ ಸ್ನಾಯುಗಳು ಉಳಿಯುತ್ತವೆ. ಹಾಗೆ ಉಳಿದ ಸ್ನಾಯುವೊಂದರ ರಜ್ಜುವನ್ನು ಸೋತ ಬೆರಳುಗಳಿಗೆ ತಿರುಗಿಸಿ ಜೋಡಿಸುವ ಚಿಕಿತ್ಸೆಯನ್ನು ಅವರು 1948ರಲ್ಲಿ ಈ ರೋಗಿಗಳಿಗೆ ಆರಂಭಿಸಿದರು. ಗಾಯ ಮಾಗಿದ ಬಳಿಕ ರೋಗಿಯು ಹಳೆಯ ಸ್ನಾಯುವಿಗೆ ಹೊಸ ಕೆಲಸವನ್ನು ವಾರಗಟ್ಟಲೆ ಕಲಿಸಬೇಕಾಗುತ್ತಿತ್ತು.

ಆದರೂ ಕೆಲವರು ಮರಳಿ ಬಂದು ದುಃಖದಿಂದ ದೂರಿದರು: ಕೈ ನೇರವಾದುದರಿಂದ ಭಿಕ್ಷೆ ಹುಟ್ಟುವುದಿಲ್ಲ, ರೋಗದ ಗುರುತು ಉಳಿದುದರಿಂದ ಕೆಲಸವನ್ನು ಯಾರೂ ಕೊಡುವುದಿಲ್ಲ. ಶಸ್ತ್ರವು ಕೈಯನ್ನು ತೆರೆದಿದ್ದಿತು. ಸಮಾಜವು ಬಾಗಿಲನ್ನು ತೆರೆದಿರಲಿಲ್ಲ. ಆದುದರಿಂದ ವೆಲ್ಲೂರಿನಲ್ಲಿ 'ನವಜೀವನ ಕೇಂದ್ರ'ವು ಪ್ರಾರಂಭವಾಯಿತು. ಅಲ್ಲಿ ಗುಣಹೊಂದಿದವರಿಗೆ ಕಸುಬುಗಳನ್ನು ಕಲಿಸಲಾಯಿತು. ವೈದ್ಯರು ತಾರುಣ್ಯದಲ್ಲಿ ಕಲಿತಿದ್ದ ಮರಗೆಲಸವು ಅಲ್ಲಿ ಉಪಯೋಗಕ್ಕೆ ಬಂದಿತು. ಸ್ಪರ್ಶಜ್ಞಾನವಿಲ್ಲದ ಕೈ ಉಳಿಯ ಪೆಟ್ಟನ್ನಾಗಲಿ ಬಿಸಿಯನ್ನಾಗಲಿ ಅರಿಯದು. ಬೆರಳುಗಳು ಸವೆಯುವುದು ರೋಗವು ಮಾಂಸವನ್ನು ತಿನ್ನುವುದರಿಂದಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂಬುದನ್ನು ಅವರು ಮನಗಂಡು, ದಿನವೂ ಕೈಯನ್ನು ಕಣ್ಣಾರೆ ಪರೀಕ್ಷಿಸಿಕೊಳ್ಳುವುದನ್ನು ಕಲಿಸಿದರು.

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗಾಸ್ಪತ್ರೆಗೆ ತೆರಳಿ ಸೇವೆಯನ್ನು ಮುಂದುವರಿಸಿದರು, 2003ರಲ್ಲಿ ದೇಹಬಿಟ್ಟರು.

ಇಂದು ಕುಷ್ಠವು ಔಷಧದಿಂದ ಪೂರ್ಣವಾಗಿ ಗುಣವಾಗುವ ರೋಗ. ಆದರೂ ಗುಣಹೊಂದಿದವನೊಬ್ಬನು ಕೂಲಿ ಕೇಳಿಕೊಂಡು ಮನೆಯ ಮುಂದೆ ನಿಂತಾಗ, ಕಾಸು ಕೊಟ್ಟು ಕಳುಹಿಸುವ ಗೃಹಸ್ಥರೇ ಹೆಚ್ಚು. ಆ ಕಾಸು ಅವನನ್ನು ಮತ್ತೆ ಭಿಕ್ಷುಕನನ್ನಾಗಿಸುತ್ತದೆ. ಶಸ್ತ್ರವೈದ್ಯನು ಎಷ್ಟು ನಿಪುಣನಾದರೂ ಕೈಯನ್ನು ಮಾತ್ರ ಮರಳಿ ಕೊಡಬಲ್ಲನು. ಆ ಕೈಗೆ ಕಾಯಕವನ್ನು ಕೊಡುವ ಹೊಣೆ ಗೃಹಸ್ಥನಾದ ಸದ್ಭಕ್ತನದು.