ಸ್ವಿಚ್ ಆರಿಸಿದ ಮೇಲೂ ಉಳಿಯುವ ಶೇಷ

ತತ್ತ್ವಜ್ಞಾನವಾದೊಡನೆ ದೇಹವೂ ಬಿದ್ದುಹೋಗುತ್ತದೆಯೇ ಎಂಬ ಪ್ರಶ್ನೆಗೆ ಸಾಂಖ್ಯಕಾರಿಕೆಯ ಈಶ್ವರಕೃಷ್ಣನು ತಿರುಗುವ ಚಕ್ರದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಕುಂಬಾರನು ಕೈ ತೆಗೆದ ಮೇಲೂ ಚಕ್ರವು ಹಿಂದಿನ ಸಂಸ್ಕಾರದ ಬಲದಿಂದ ಕೆಲಕಾಲ ತಿರುಗುತ್ತಲೇ ಇರುತ್ತದೆ. 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯಿಂದ ಕೊಂಕಣಿ ಹಾಡುಗಾರಿಕೆ ಹೊಸ ಹುರುಪು ಪಡೆದ, ಇಗರ್ಜಿಯ ಗಾಯನವೃಂದಕ್ಕೂ ಗಿಟಾರ್ ಅಪರಿಚಿತವಲ್ಲದ ಮಂಗಳೂರಿನಲ್ಲಿ ಈ ದೃಷ್ಟಾಂತಕ್ಕೆ ಜೊತೆಯಾಗಬಲ್ಲ ಇನ್ನೊಂದು ವಸ್ತುವೆಂದರೆ ಗಿಟಾರಿನ ವಾಲ್ವ್ ಆಂಪ್ಲಿಫೈಯರ್.

ತಂತಿಯ ಕಂಪನದಿಂದ ಹುಟ್ಟುವ ಕ್ಷೀಣ ಸಂಕೇತವನ್ನು ಮೊದಲು ಬಲಪಡಿಸುವ ಭಾಗಕ್ಕೆ ಪ್ರೀಆಂಪ್ ಎಂದು ಹೆಸರು. ಅದರಲ್ಲಿರುವ ಇಸಿಸಿ83 ಎಂಬ ವಾಲ್ವ್, ಹಿಂದೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದ ಈ ಗಾಜಿನ ನಳಿಕೆ, ಸಾಮಾನ್ಯವಾಗಿ 250ರಿಂದ 300 ವೋಲ್ಟ್‌ಗಳ ಪೂರೈಕೆಯಲ್ಲಿ ಕೆಲಸ ಮಾಡುತ್ತದೆ. ಅದರ ಕ್ಯಾಥೋಡ್‌ಗೆ ಜೋಡಿಸಿದ 25 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ತೆಗೆದು 0.68 ಮೈಕ್ರೋಫ್ಯಾರಡ್‌ನದನ್ನು ಬೆಸುಗೆ ಹಾಕಿದರೆ ತಗ್ಗುಸ್ವರಗಳ ಮಬ್ಬು ಸರಿದು ನಾದ ಬಿಗಿಯಾಗುತ್ತದೆ. ಮಾರ್ಪಾಡು ಇಷ್ಟೇ ಸಣ್ಣದು, ಅಪಾಯವಿರುವುದು ಪಕ್ಕದಲ್ಲಿ. ವಿದ್ಯುತ್ತನ್ನು ಹಿಡಿದಿಟ್ಟು ಹರಿವನ್ನು ಸಮವಾಗಿಸುವ ಫಿಲ್ಟರ್ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಆ ವೋಲ್ಟೇಜನ್ನು ಉಳಿಸಿಕೊಂಡಿರಬಲ್ಲವು, ಒಮ್ಮೆ ಬರಿದು ಮಾಡಿದ ಮೇಲೂ ಒಳಪದರದಲ್ಲಿ ಅಡಗಿದ್ದ ಶೇಷದಿಂದ ಕೆಲ ನಿಮಿಷಗಳಲ್ಲಿ ಸ್ವಲ್ಪ ವೋಲ್ಟೇಜ್ ಮರಳಿ ಏಳುತ್ತದೆ. ಚಕ್ರ ತಿರುಗುವುದು ಕಣ್ಣಿಗೆ ಕಾಣುತ್ತದೆ, ಈ ಶೇಷ ಕಾಣುವುದಿಲ್ಲ. ಹಿಂದಿನ ಅನುಭವಗಳು ಒಳಗೆ ಉಳಿಸುವ ಕಾಣದ ಛಾಪನ್ನು ಹೇಳುವ ವಾಸನೆ ಎಂಬ ಶಾಸ್ತ್ರಪದಕ್ಕೆ ಇದು ಚಕ್ರಕ್ಕಿಂತಲೂ ಹತ್ತಿರದ ಉಪಮೆ.

ಕಾಣದ ಈ ಶೇಷವನ್ನು ಲೆಕ್ಕಿಸದೆ ಕೈಹಾಕಿಯೂ ಯಾರಿಗೂ ಪೆಟ್ಟಾಗದಿದ್ದರೆ ಆ ಅಜಾಗರೂಕತೆ ದೋಷವೇ? ಮಂಗಳೂರಿಗೆ ಸಮೀಪದ ಮೂಡುಬಿದಿರೆಯ ಬಸದಿಗಳಲ್ಲಿ ಶತಮಾನಗಳಿಂದ ಬಾಳಿಬಂದಿರುವ ಜೈನ ಪರಂಪರೆಯ ಉತ್ತರ ಸ್ಪಷ್ಟವಾಗಿದೆ. ಜೀವ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆಯು ನಿಶ್ಚಿತವೆಂಬುದು ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ನಿಲುವು. ಆದಾನನಿಕ್ಷೇಪಣ ಸಮಿತಿ, ಎಂದರೆ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಪಾಲಿಸಬೇಕಾದ ಎಚ್ಚರ, ಮುನಿಗಳಿಗೆ ಕಡ್ಡಾಯ ನಿಯಮವೇ ಆಗಿದೆ. ದಿಗಂಬರ ಮುನಿಯು ನೋಡಿ, ನವಿಲುಗರಿಯ ಪಿಂಛಿಯಿಂದ ಮೆಲ್ಲನೆ ಸವರಿ, ಆಮೇಲೆ ಕಮಂಡಲುವನ್ನು ಇಡುತ್ತಾನೆ. ಪ್ಲಗ್ ಕಿತ್ತು, ಒಂದು ಕೈಯನ್ನು ಹಿಂದಿಟ್ಟು, ಹೊದಿಕೆಯುಳ್ಳ ಹಿಡಿಯ ಮೂಲಕ 10 ಕಿಲೋಓಮ್ ರೆಸಿಸ್ಟರಿನಿಂದ ಶೇಷವನ್ನು ಹರಿಯಬಿಟ್ಟು, ಮೀಟರ್ ಸೊನ್ನೆಯ ಬಳಿಗೆ ಇಳಿದುದನ್ನು ಕಂಡು, ಸ್ವಲ್ಪ ತಡೆದು ಮತ್ತೊಮ್ಮೆ ಅಳೆದ ಮೇಲಷ್ಟೇ ಬೆಸುಗೆಕಡ್ಡಿಯನ್ನು ಎತ್ತುವ ಕ್ರಮವೂ ಇದೇ ಜಾತಿಯದು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ರೂಢಿಯನ್ನು ಧೈರ್ಯವೆಂದು ಕರೆಯುವುದು ಸಲ್ಲದು, ಅದು ಪ್ರಮಾದ.

ಈ ಎಚ್ಚರವು ಕೆಲಸ ಮಾಡುವವನ ಮೈಗಷ್ಟೇ ಸೀಮಿತವಲ್ಲ. ಮಾರ್ಪಟ್ಟ ಯಂತ್ರವನ್ನು ಮುಂದೆಂದೋ ಅಪರಿಚಿತನೊಬ್ಬ ತೆರೆಯುತ್ತಾನೆ, ಅವನ ಕೈಯಲ್ಲಿ ಹಳೆಯ ನಕ್ಷೆಯಷ್ಟೇ ಇರುತ್ತದೆ. 50 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೋಓಮ್‌ನ, 2 ವಾಟ್ ತಾಳುವ ರೆಸಿಸ್ಟರೊಂದನ್ನು ಶಾಶ್ವತವಾಗಿ ಬೆಸೆದರೆ 300 ವೋಲ್ಟ್ ಒಂದು ನಿಮಿಷದಲ್ಲಿ 2 ವೋಲ್ಟ್‌ಗಿಂತ ಕೆಳಗಿಳಿಯುತ್ತದೆ. ಬದಲಿಸಿದ ಬೆಲೆಗಳನ್ನೂ ದಿನಾಂಕವನ್ನೂ ಬರೆದ ಚೀಟಿಯನ್ನು ಪೆಟ್ಟಿಗೆಯ ಒಳಮೈಗೆ ಅಂಟಿಸಿಟ್ಟರೆ ಆ ಅಪರಿಚಿತನು ತಿರುಪು ಬಿಚ್ಚಿದೊಡನೆ ಮೊದಲು ಕಾಣುವುದು ಅದನ್ನೇ.